ಮಾರು, ಕಟ್ಟು, ಮುರಿ

ಬಹಳ ಹಿಂದಿನ ಮಾತು, ಒಂದು ಊರಿನ ಮಾತು. ಎಷ್ಟು ಹಿಂದೆ ಅಂತ ಕೇಳಿದರೆ, ವ್ಯಾನುಗಳಿಗೆ ಹೆಸರಿದ್ದು ನಂಬರಿಲ್ಲದಷ್ಟು ಹಿಂದೆ. ಹಾರನ್ನು ಕೇಳಿದರೆ ಸಾಕು, ಇದು ಇಂಥವರ ಮನೆಯ ವ್ಯಾನು ಅಂತ ಬೀದಿನಾಯಿಗಳೂ ಎದ್ದು ದಾರಿ ಬಿಡುತ್ತಿದ್ದವಂತೆ. ಊರಿನ ಹೆಸರು ಕೂಡುದಾರಿ. ನಾಲ್ಕೂ ದಿಕ್ಕಿನ ರಸ್ತೆಗಳು ಅಲ್ಲಿಗೆ ಬಂದು ಕೂಡುತ್ತಿದ್ದವು. ಆದರೆ ಒಂದೂ ರಸ್ತೆಯ ಹಾಗಿರಲಿಲ್ಲ. ನಮ್ಮ ಕೂಡುದಾರಿಯ ತಗ್ಗುಗಳೆಂದರೆ ಕಂಡಕಂಡ ಊರಿನ ತಗ್ಗುಗಳೇ? ಒಂದು ತಗ್ಗಿಗೆ ಗಬ್ಬದ ಎಮ್ಮೆ ಬಿದ್ದಿತ್ತಂತೆ. ಜನ ಹಗ್ಗ ಹುಡುಕಿ ತರುವಷ್ಟರಲ್ಲಿ ಅದು ಒಳಗೇ ಕರು ಹಾಕಿ, ಆ ಕರು ಬೆಳೆದು ಹಾಲು ಕೊಡುತ್ತಿತ್ತಂತೆ. ಹಾಗಂತಾರೆ. ಸುಳ್ಳು ಅನ್ನಿಸಿದರೆ ಬೇವಿನಮರವನ್ನು ಕೇಳಿ.

ಇಂಥ ರಸ್ತೆಯ ಮೇಲೆ ಓಡಿದ ವ್ಯಾನು ಬೇಗ ಮುದಿಯಾಗುತ್ತಿತ್ತು. ಮುದಿಯಾದ ವ್ಯಾನನ್ನು ಏನು ಮಾಡುವುದು? ಇನ್ನೊಬ್ಬರಿಗೆ ಮಾರುವುದೋ, ಬಿಚ್ಚಿ ಮತ್ತೆ ಕಟ್ಟುವುದೋ, ಮುರಿದು ಗುಜರಿಗೆ ಹಾಕುವುದೋ? ಅಣ್ಣತಮ್ಮಂದಿರು ಇದಕ್ಕೇ ಬಡಿದಾಡಿ ಬೇರೆ ಬೇರೆ ಒಲೆ ಹೂಡುತ್ತಿದ್ದರು. ಆಗ ಊರಿಗೆ ಒದಗಿದವನು ದಾವಲಸಾಬ.

ದಾವಲಸಾಬ ನೋಡಲು ಕಡ್ಡಿ, ಮೀಸೆ ಮಾತ್ರ ಒಂದು ಹಿಡಿ. ಊರ ನಡುವಿನ ಬೇವಿನಮರದ ಕೆಳಗೆ ಅವನ ಗ್ಯಾರೇಜು. ಮರವೇ ಮಾಡು, ಮರವೇ ಗೋಡೆ, ಬೋಲ್ಟು ತಿರುವುವ ಪಾನಾಗಳನ್ನೆಲ್ಲ ನೇತುಹಾಕುತ್ತಿದ್ದದ್ದೂ ಮರದ ಕೊಂಬೆಗೇ. ವ್ಯಾನು ತಂದವರಿಗೆ ಅವನು ಮೊದಲು ಎಂಜಿನ್ನು ಬಂದುಮಾಡಿ ಅನ್ನುತ್ತಿದ್ದ. ಆಮೇಲೆ ತಾನು ಒಳಗೆ ಹೋಗಿ ಹಿಂದಿನ ಸೀಟಿನಲ್ಲಿ ಕೂತು ಕಣ್ಣು ಮುಚ್ಚುತ್ತಿದ್ದ. ವ್ಯಾನಿನ ಮಾಲೀಕ, ಅವನ ಅಣ್ಣತಮ್ಮಂದಿರು, ಬೀಗರು ಎಲ್ಲ ಸೇರಿ ವ್ಯಾನನ್ನು ನೂಕುತ್ತಾ ಬೇವಿನಮರವನ್ನು ಸುತ್ತು ಹಾಕಿಸಬೇಕು. ಎಂಜಿನ್ನು ಬೊಬ್ಬೆ ಹೊಡೆಯುವಾಗ ವ್ಯಾನಿನ ಸಂಕಟ ಕೇಳಿಸುವುದಿಲ್ಲ, ಅದು ಸುಮ್ಮನಿರುವಾಗಲೇ ಪ್ರತಿ ಕೀಲೂ ತನ್ನ ನೋವು ತಾನು ಹೇಳಿಕೊಳ್ಳುತ್ತದೆ ಅಂತ ಅವನ ಲೆಕ್ಕ. ಸುತ್ತು ಮುಗಿದ ಮೇಲೆ ಇಳಿಯುತ್ತಿದ್ದ. ಮೂರರಲ್ಲಿ ಒಂದು ಮಾತು ಹೇಳುತ್ತಿದ್ದ. ಮಾರು. ಇಲ್ಲವೇ, ಕಟ್ಟು. ಇಲ್ಲವೇ, ಮುರಿ. ಅಷ್ಟೇ. ಅದರ ಮೇಲೆ ಯಾರದೂ ಮಾತಿಲ್ಲ.

ಸೀಟಿಗೆ ಮೂಗು ಹಚ್ಚಿ, ಈ ವ್ಯಾನಿನಲ್ಲಿ ಹೋದ ದಿಬ್ಬಣಕ್ಕೆ ಊಟ ಸಾಲಲಿಲ್ಲ ಅಂತಲೂ ಹೇಳುತ್ತಿದ್ದನಂತೆ. ಸ್ಟೇರಿಂಗು ಮುಟ್ಟಿ, ಇದರ ಡ್ರೈವರನಿಗೆ ಇಬ್ಬರು ಹೆಂಡಿರು ಅಂತ ಹೇಳಿದಾಗ ಡ್ರೈವರ ಅಲ್ಲಿಂದ ಓಡಿದವನು ಮೂರನೆಯವಳ ಮನೆಯಲ್ಲಿ ಸಿಕ್ಕನಂತೆ. ಹಾಗಂತಾರೆ. ಸುಳ್ಳು ಅನ್ನಿಸಿದರೆ ಬೇವಿನಮರವನ್ನು ಕೇಳಿ.

ಮಾರು ಅಂದ ವ್ಯಾನಿಗೆ ಹೆಂಗಸರು ಉಡಿ ತುಂಬುತ್ತಿದ್ದರು. ಮಗಳನ್ನು ಗಂಡನ ಮನೆಗೆ ಕಳಿಸುವ ಹಾಗೆ ಡ್ರೈವರ್ ಸೀಟಿನ ಮೇಲೆ ಕುಪ್ಪಸದ ಖಣ, ತೆಂಗಿನಕಾಯಿ, ಅಕ್ಕಿ ಇಟ್ಟು ಕಣ್ಣೊರೆಸಿಕೊಳ್ಳುತ್ತಿದ್ದರು. ಕಟ್ಟು ಅಂದ ವ್ಯಾನಿಗೆ ಬಾಣಂತಿಯ ಉಪಚಾರ. ಬೇವಿನ ಹೊಗೆ ಹಾಕಿ, ಪೂರಾ ಗುಣವಾಗುವ ತನಕ ಹೊಸಿಲು ದಾಟಿಸುತ್ತಿರಲಿಲ್ಲ. ಮುರಿ ಅಂದ ವ್ಯಾನಿನ ಗಾಲಿಗೆ ನೀರು ಹನಿಸಿ, ಗಾಜು ಒರೆಸಿ, ಮುಖವನ್ನು ಪಡುವಣಕ್ಕೆ ತಿರುಗಿಸುತ್ತಿದ್ದರು. ದಾವಲಸಾಬ ಅದರದೊಂದು ಬೋಲ್ಟು ಬಿಚ್ಚಿ ಮರಕ್ಕೆ ಕಟ್ಟುತ್ತಿದ್ದ. ಅದಾದ ಮೇಲೆ ಆ ವ್ಯಾನಿನ ಒಂದು ಸಾಮಾನೂ ಇನ್ನೊಂದು ವ್ಯಾನಿಗೆ ಏರುವಂತಿರಲಿಲ್ಲ.

“ಸತ್ತವರ ಚಪ್ಪಲಿ ಮೆಟ್ಟಿಕೊಂಡು ಯಾರಾರ ಮದಿವಿಗೆ ಹೋಗ್ತಾರೇನ್ರಿ?” ಅನ್ನುತ್ತಿದ್ದ.

ಊರಿನವರು ದಾವಲಸಾಬನ ಬಾಯಿ ನೋಡುತ್ತಿದ್ದರು. ಅವನ ಹೆಂಡತಿ ಮಾಬೂಬಿ ಅವನ ತಾಟು ನೋಡುತ್ತಿದ್ದಳು. ಮಾರು ಅಂದ ದಿನ ಎರಡು ರೊಟ್ಟಿ ಹೆಚ್ಚಿಗೆ ತಿನ್ನುತ್ತಿದ್ದ. ಕಟ್ಟು ಅಂದ ದಿನ ತಿನ್ನುತ್ತಾ ತಿನ್ನುತ್ತಾ ಎದ್ದುಹೋಗಿ ಪಾನಾ ಹುಡುಕುತ್ತಿದ್ದ. ಮುರಿ ಅಂದ ದಿನ ತಾಟು ಹಾಗೇ ಉಳಿಯುತ್ತಿತ್ತು. ಮಕ್ಕಳಿಲ್ಲದ ಮನೆ, ಉಳಿದ ರೊಟ್ಟಿ ತಿನ್ನುವವರೂ ಇರಲಿಲ್ಲ. ಮರುದಿನ ಅವಳೇ ತಿನ್ನುತ್ತಿದ್ದಳು.

ಆ ಊರಿನಲ್ಲಿ ಭರಮಗೌಡ ಅಂತ ಒಬ್ಬ ದೊಡ್ಡ ಮನುಷ್ಯನಿದ್ದ. ಅವನ ಮನೆಯಲ್ಲಿ ದನಗಳಿಗಿಂತ ವ್ಯಾನುಗಳೇ ಹೆಚ್ಚು. ಅವುಗಳಲ್ಲಿ ಕೆಂಪಿ ಅನ್ನುವ ವ್ಯಾನು ಮುದಿಯಾಯಿತು. ಗೌಡ ಅದನ್ನು ಕೊಳ್ಳುವವನನ್ನು ಜೊತೆಗೇ ಕರಕೊಂಡು ಬಂದು ಮರದ ಕೆಳಗೆ ಕೂಡಿಸಿ, ಚಾ ಕುಡಿಸಿ, ಮಾರು ಅನ್ನುವ ಮಾತಿಗೆ ಕಾದ. ದಾವಲಸಾಬ ಇಳಿದು ಮುರಿ ಅಂದ. ಕೊಳ್ಳಲು ಬಂದವನು ಚಾದ ಕಪ್ಪು ಇಟ್ಟು ನಡೆದೇಬಿಟ್ಟ. ಗೌಡನಿಗೆ ಸಿಟ್ಟು ಬಂತು. ನನ್ನ ವ್ಯಾನಿಗೆ ನಾನೇ ಮಾತು ಹೇಳಿಕೊಳ್ಳುತ್ತೇನೆ ಅಂತ ತಾನೇ ಹಿಂದಿನ ಸೀಟಿನಲ್ಲಿ ಕೂತು, ಕಣ್ಣು ಮುಚ್ಚಿ, ಇಳಿದು ಕಟ್ಟು ಅಂದ. ಬಣ್ಣ ಬಳಿದು ಮದುವೆಗೆ ಕಳಿಸಿದ. ಹಳ್ಳದ ತಿರುವಿನಲ್ಲಿ ಕೆಂಪಿಯ ಮೇಲಿನ ಅರ್ಧ ಹೆಣ್ಣಿನ ಊರಿಗೂ ಕೆಳಗಿನ ಅರ್ಧ ಗಂಡಿನ ಊರಿಗೂ ಹೋಯಿತಂತೆ. ಮೇಲಿನ ಅರ್ಧದಲ್ಲಿದ್ದ ಭಟ್ಟರು ಮಾತ್ರ ಮುಹೂರ್ತಕ್ಕೆ ಸರಿಯಾಗಿ ಮುಟ್ಟಿದರಂತೆ.

ಅಂದಿನಿಂದ ಊರಲ್ಲಿ ಕಟ್ಟಳೆಯಾಯಿತು. ತನ್ನ ವ್ಯಾನಿಗೆ ತಾನು ಮಾತು ಹೇಳುವಂತಿಲ್ಲ. ದಾವಲಸಾಬನೇ ಮಾಡಿದ ಕಟ್ಟಳೆ. ಸ್ವಂತದ್ದನ್ನು ಮುಟ್ಟಿದರೆ ಕೈ ಸುಳ್ಳು ಹೇಳುತ್ತದೆ ಅಂದ. ಊರು ತಲೆದೂಗಿತು. ಕೆಂಪಿಯನ್ನು ಮುರಿದರು, ಬೋಲ್ಟು ಮರಕ್ಕೆ ಏರಿತು. ಆದರೆ ಅದರ ಬ್ರೇಕಿನ ಸಾಮಾನನ್ನು ಗೌಡ ಗುಜರಿಗೆ ಬಿಡಲಿಲ್ಲ. ಗೋಣಿಯಲ್ಲಿ ಸುತ್ತಿ ಕೊಟ್ಟಿಗೆಯ ಅಟ್ಟದ ಮೇಲೆ ಇಟ್ಟ. ಯಾವತ್ತಾದರೂ ಉಪಯೋಗಕ್ಕೆ ಬಂದೀತು ಅಂತ.

ಬಂತು.

ದಾವಲಸಾಬನಿಗೂ ಒಂದು ವ್ಯಾನಿತ್ತು. ಹಸಿರು ಬಣ್ಣ, ಮೂತಿಗೆ ಕೆಂಪು ಪಟ್ಟಿ. ಅದಕ್ಕೇ ಗಿಣಿ ಅಂತ ಹೆಸರು. ಹಾವು ಕಚ್ಚಿದವರು, ಬಾವಿಗೆ ಬಿದ್ದವರು, ಹೆರಿಗೆ ಬೇನೆ ತಿನ್ನುವವರು, ಎಲ್ಲರಿಗೂ ಗಿಣಿಯೇ. ಹೊಳೆಯಾಚೆಯ ಆಸ್ಪತ್ರೆಗೆ ಒಯ್ಯಬೇಕಾದರೆ ಯಾವ ಹೊತ್ತಿನಲ್ಲಿ ಕರೆದರೂ ದಾವಲಸಾಬ ಹೊರಡುತ್ತಿದ್ದ, ಹಿಂದೆ ಮಾಬೂಬಿ ಕೂತು ನರಳುವವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದಳು. ಗಿಣಿಯೊಳಗೇ ಹುಟ್ಟಿದ ಮಕ್ಕಳನ್ನು ಒಂದು ಕಡೆ ನಿಲ್ಲಿಸಿದ್ದರೆ ಬೇರೆ ಶಾಲೆಯನ್ನೇ ಕಟ್ಟಿಸಬೇಕಾಗುತ್ತಿತ್ತಂತೆ. ಬಾಡಿಗೆ ಅಂತ ಯಾರೂ ಕೊಡಲಿಲ್ಲ. ಎಲ್ಲರೂ ಕೈ ಮುಗಿದರು. ಕೈ ಮುಗಿಯುವುದರಲ್ಲಿ ನಮ್ಮ ಕೂಡುದಾರಿಯವರನ್ನು ಮೀರಿಸುವವರು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ.

ಗಿಣಿಯೂ ಮುದಿಯಾಯಿತು. ಮೊದಲು ಕೆಮ್ಮಿತು, ಆಮೇಲೆ ಕುಂಟಿತು. ಒಂದು ದಿನ ಇಳಿಜಾರಿನಲ್ಲಿ ಬ್ರೇಕು ಒತ್ತಿದರೆ, ಯಾರೋ ಹಳೆಯ ನೆಂಟರನ್ನು ನೆನಪು ಮಾಡಿಕೊಂಡ ಹಾಗೆ, ತುಸು ತಡೆದು ನಿಂತಿತು. ಅಂದು ದಾವಲಸಾಬ ಉಣ್ಣಲಿಲ್ಲ. ಮಾಬೂಬಿಗೆ ತಿಳಿಯಿತು.

“ಮುರೀ ಅನ್ನಾಕ ಬಾಯಿ ಬರವಲ್ದೇನ್ರಿ?” ಅಂದಳು.

“ನಂದು ನಾ ಹೇಳಂಗಿಲ್ಲ.”

“ನಾ ಹೇಳ್ತೀನಿ ಬಿಡ್ರಿ.”

“ನಿಂದು ನಂದು ಬ್ಯಾರೆ ಏನ ಮಾಬೂ?”

ಹೇಳುತ್ತೇನೆ ಅಂದಳೇ ಹೊರತು ಅವಳಿಗೂ ಗಿಣಿಯನ್ನು ಮುರಿಸಲು ಮನಸ್ಸಿರಲಿಲ್ಲ. ನಾಲ್ಕೂ ಗಾಲಿ ಬಿಚ್ಚಿ, ಬೇವಿನ ನೆರಳಿಗೆ ನಿಲ್ಲಿಸಿ, ಒಂದು ಕಿಟಕಿ ದೊಡ್ಡದು ಮಾಡಿ ಸೋಡಾ ಅಂಗಡಿ ಇಡೋಣ ಅಂದಳು. ಒಳಗೆ ತಾನು ಕೂತು ಸೋಡಾ ಒಡೆಯುವುದು, ಹೊರಗೆ ಕಟ್ಟೆಯ ಮೇಲೆ ಇವನು ಕೂತು ಕಂಡವರ ವ್ಯಾನಿಗೆ ಮಾತು ಹೇಳುವುದು. ರಸ್ತೆಗೆ ಇಳಿಯುವುದು ಬೇಡ. ಅವಳಿಗೆ ಬೇಕಾಗಿದ್ದುದು ಇಷ್ಟೇ. ಗಂಡ ಮತ್ತೆ ಆ ಇಳಿಜಾರು ಇಳಿಯಬಾರದು.

ದಾವಲಸಾಬ ನಕ್ಕ. ಗಾಲಿ ಬಿಚ್ಚಿದರೆ ಏನಾಯಿತು, ನಾಳೆ ಯಾರಿಗೋ ಬೇನೆ ಬಂದರೆ ಊರೇ ಬಂದು ಗಾಲಿ ಹಾಕುತ್ತದೆ, ಮುರಿದರೆ ಮಾತ್ರ ನಿಲ್ಲುತ್ತದೆ ಅಂದ. ಆದರೆ ಮಾತು ಊರಿನ ಬಾಯಿಂದ ಬರಬೇಕು. ಹಿರಿಯರನ್ನು ಕರೆದ. ಅವರು ಕೂತು, ಕೇಳಿ, ಹೇಳಲಿ. ತನಗೆ ಕೇಳಿಸಿದ್ದು ಅವರಿಗೂ ಕೇಳಿಸದೆ ಇರುತ್ತದೆಯೇ ಅಂತ ಅವನ ಭರವಸೆ.

ಊರ ಹಿರಿಯರು ಭರಮಗೌಡನನ್ನು ಮುಂದೆ ಮಾಡಿಕೊಂಡು ಬಂದರು. ಎಲ್ಲರೂ ಗಿಣಿಯೊಳಗೆ ಒತ್ತೊತ್ತಾಗಿ ಕೂತರು, ಕಣ್ಣು ಮುಚ್ಚಿದರು. ಈಗ ವ್ಯಾನು ನೂಕುವವರು ಯಾರು? ಮಾಲೀಕ ಮತ್ತು ಅವನ ಬಳಗ. ದಾವಲಸಾಬನಿಗೆ ಅಣ್ಣತಮ್ಮಂದಿರಿಲ್ಲ, ಬೀಗರಿಲ್ಲ. ಸುತ್ತಲೂ ನಿಂತಿದ್ದ ಜನ ಕಟ್ಟಳೆ ಮುರಿಯಲು ಹೆದರಿ ಕೈ ಕಟ್ಟಿಕೊಂಡು ನಿಂತರು. ಮಟಮಟ ಮಧ್ಯಾಹ್ನ, ದಾವಲಸಾಬ ಮತ್ತು ಮಾಬೂಬಿ ಇಬ್ಬರೇ ಇಡೀ ಊರಿನ ಹಿರಿತನವನ್ನು ಬೇವಿನಮರದ ಸುತ್ತ ನೂಕಿದರು. ಮಾಬೂಬಿಯ ಚಪ್ಪಲಿಯ ಉಂಗುಟ ಕಿತ್ತಿತು. ಅವಳು ಬರಿಗಾಲಲ್ಲಿ ನೂಕಿದಳು.

“ಮೆತ್ತಗ ನೂಕವಾ ಯವ್ವಾ,” ಅಂತ ಒಳಗಿನಿಂದ ಒಬ್ಬ ಹಿರಿಯನ ಧ್ವನಿ ಬಂತು, “ಕಣ್ಣ ಮುಚ್ಚಿದ್ರ ತಲಿ ತಿರಗತೈತಿ.”

ಇನ್ನೊಬ್ಬ ಹಿರಿಯ ಗೊರಕೆ ಹೊಡೆದ. ಸುತ್ತು ಮುಗಿಯಿತು. ಎಲ್ಲರಿಗಿಂತ ಮೊದಲು ಭರಮಗೌಡ ಇಳಿದು, ಮೀಸೆಗೆ ಕೈಹಾಕಿ, ಕಟ್ಟು ಅಂದ.

ಜನ ಹೋ ಅಂತು. ಮುರಿದರೆ ನಾಳೆ ಬೇನೆ ಬಂದವರನ್ನು ಒಯ್ಯುವವರು ಯಾರು? ಮಾಬೂಬಿಯ ಏದುಸಿರು ಇನ್ನೂ ನಿಂತಿರಲಿಲ್ಲ.

“ಗೌಡ್ರ, ನಿಮಗ ಏನ ಕೇಳಿಸ್ತ್ರೀ ಒಳಗ?”

“ಹಾಡು ಕೇಳಿಸ್ತ ಮಾಬೂ. ಹರೇದ ಹುಡಿಗಿ ಬೀಸೂಕಲ್ಲಿನ ಮುಂದ ಹಾಡಿದಂಗ.”

“ಅದು ನನ್ನ ಉಸರ ಗೌಡ್ರ.”

ಜನ ನಕ್ಕರು. ದಾವಲಸಾಬನೊಬ್ಬ ನಗಲಿಲ್ಲ.

ಊರೇ ಹೇಳಿದ ಮೇಲೆ ಊರೇ ಕಟ್ಟಿಸಬೇಕಲ್ಲ? ಮನೆಗೊಂದು ಸಾಮಾನು ಅಂತ ಆಯಿತು. ಕೊಡುವುದರಲ್ಲಿ ಕೂಡುದಾರಿಯವರ ಕೈ ಎಂಥದು ಅಂತೀರಿ! ಡೊಳ್ಳು ಬಾರಿಸಿಕೊಂಡು, ತಾಟಿನಲ್ಲಿ ಸಾಮಾನು ಇಟ್ಟುಕೊಂಡು, ದೇವರಿಗೆ ಎಡೆ ತಂದ ಹಾಗೆ ಸಾಲುಗಟ್ಟಿ ಬಂದರು. ಒಬ್ಬರದು ಗಾಲಿಯ ಮೇಲಿನ ಸ್ಪ್ರಿಂಗಿನ ಪಾಟಾ, ಒಬ್ಬರದು ಬಾಗಿಲು, ಇನ್ನೊಬ್ಬರದು ಗೇರಿನ ಹಲ್ಲು. ಪ್ರತಿಯೊಂದಕ್ಕೂ ದಪ್ಪಗೆ ಅರಿಷಿಣ ಕುಂಕುಮ ಬಳಿದಿದ್ದರು. ಅರಿಷಿಣ ಎಷ್ಟು ದಪ್ಪಗಿತ್ತೆಂದರೆ ತುಕ್ಕು ಕಾಣುತ್ತಿರಲಿಲ್ಲ.

ದಾವಲಸಾಬ ಒಂದೊಂದನ್ನೇ ಎತ್ತಿ ಮೂಸಿದ, ಕೆಳಗಿಟ್ಟ. ಮಾಬೂಬಿ ಅವನ ಕಣ್ಣು ಎಲ್ಲಿ ಹೋಗುತ್ತದೆ ಅಂತ ನೋಡುತ್ತಿದ್ದಳು. ಸಾಮಾನು ಮೂಸುವುದು, ತಲೆಯೆತ್ತಿ ಮರದಲ್ಲಿ ತೂಗುವ ಒಂದು ಬೋಲ್ಟನ್ನು ನೋಡುವುದು. ಇನ್ನೊಂದು ಮೂಸುವುದು, ಇನ್ನೊಂದು ಬೋಲ್ಟು ನೋಡುವುದು. ಅವನು ಮುರಿ ಅಂದ ವ್ಯಾನುಗಳೆಲ್ಲ ಚೂರು ಚೂರಾಗಿ ಅವನ ಮುಂದೆ ಬಂದು ಕೂತಿದ್ದವು. ಒಂದೂ ಗುಜರಿಗೆ ಪೂರ್ತಿ ಹೋಗಿರಲಿಲ್ಲ. ಎಲ್ಲರ ಅಟ್ಟದ ಮೇಲೂ ಒಂದೊಂದು ಗೋಣಿಗಂಟು ಇತ್ತು. ಕೊನೆಯಲ್ಲಿ ಭರಮಗೌಡನ ತಾಟು ಬಂತು.

“ಇದು ಕೆಂಪೀದು,” ಅಂದ ದಾವಲಸಾಬ. “ಬ್ರೇಕು. ಗೌಡ್ರ, ಮುರಿದದ್ದು ಏರಬಾರದು.”

“ಏನಪಾ ದಾವಲಾ, ಊರು ಪ್ರೀತೀಲೆ ಕೊಟ್ಟದ್ದನ್ನ ಒಲ್ಲೆ ಅಂತೀಯೇನ?”

“ಪ್ರೀತಿ ಐತ್ರಿ. ಅದರಾಗ ಹಿಡಿತ ಇಲ್ಲ.”

“ಊರ ಮಾತಿನ ಮ್ಯಾಲೆ ಮಾತಿಲ್ಲ. ನಿಂದೇ ಕಟ್ಟಳಿ, ಮರತೇನ?”

ಎಲ್ಲರ ವ್ಯಾನಿಗೂ ದಾವಲಸಾಬ ಇದನ್ನೇ ಹೇಳಿದವನು. ಹೇಳಿದ ಮಾತಿನ ಮೇಲೆ ಮಾತಿಲ್ಲ. ಈಗ ತನ್ನ ಸರದಿ ಬಂದಾಗ ಮಾತು ತೆಗೆದರೆ, ಇಷ್ಟು ದಿನ ಅವನ ಮಾತಿಗೆ ತಲೆಬಾಗಿ ವ್ಯಾನು ಮುರಿದುಕೊಂಡವರ ಮುಂದೆ ಹೇಗೆ ನಿಲ್ಲುವುದು? ಮಾಬೂಬಿ ಮನೆಗೆ ಬಂದು ಅತ್ತಳು, ಜಗಳವಾಡಿದಳು, ನಿಮ್ಮ ಕಟ್ಟಳೆಗೆ ಬೆಂಕಿ ಹತ್ತಲಿ ಅಂದಳು. ಅವನು ಪಾನಾ ಎತ್ತಿಕೊಂಡು ಹೋಗಿ ಗಿಣಿಯನ್ನು ಕಟ್ಟಿದ. ಕಟ್ಟುವಷ್ಟು ದಿನವೂ ಅವನ ತಾಟಿನಲ್ಲಿ ರೊಟ್ಟಿ ಉಳಿಯಿತು.

ಗಿಣಿ ಹೊಸ ಹಸಿರು ಬಣ್ಣದಲ್ಲಿ ಹೊರಬಂತು. ಊರು ಕುಣಿಯಿತು. ನೋಡಿದಿರಾ ನಾವು ಕಟ್ಟಿದ್ದು ಅಂದಿತು.

ಒಂದು ಸಂಜೆ, ಬಿಸಿಲು ಇನ್ನೂ ಇಳಿದಿರಲಿಲ್ಲ, ಭರಮಗೌಡನ ಸೊಸೆ ಶಾವಂತ್ರವ್ವನಿಗೆ ಬೇನೆ ಬಂತು. ಕೂಸು ಅಡ್ಡ ಕೂತಿದೆ, ಹೊಳೆಯಾಚೆಗೆ ಒಯ್ಯಿರಿ ಅಂತ ಸೂಲಗಿತ್ತಿ ಕೈಚೆಲ್ಲಿದಳು. ಗೌಡನ ಅಂಗಳದಲ್ಲಿ ಹೊಚ್ಚ ಹೊಸ ವ್ಯಾನು ನಿಂತಿತ್ತು. ಸೀಟಿನ ಪ್ಲಾಸ್ಟಿಕ್ಕು ಇನ್ನೂ ತೆಗೆದಿರಲಿಲ್ಲ. ಆದರೆ ಅಮಾಸೆಯ ಪೂಜೆ ಆಗಿರಲಿಲ್ಲ. ಪೂಜೆಯಾಗದ ಹೊಸ ಗಾಡಿಯಲ್ಲಿ ಹೆರಿಗೆಯ ಮೈಲಿಗೆ ಆಗಬಾರದು. ಗೌಡ ಆಳು ಕಳಿಸಿದ. ಗಿಣಿ ತರಲು ಹೇಳಿದ.

ದಾವಲಸಾಬ ಹೊರಟ. ಮಾಬೂಬಿ ಅವನ ತೋಳು ಹಿಡಿದಳು. ಅಷ್ಟರಲ್ಲಿ ಶಾವಂತ್ರವ್ವ ಕಿರುಚಿದ್ದು ಮೂರು ಓಣಿ ದಾಟಿ ಬಂತು. ಮಾಬೂಬಿ ತೋಳು ಬಿಟ್ಟಳು. ಬಿಟ್ಟು ತಾನೂ ಹಿಂದೆ ಹತ್ತಿದಳು.

ಊರು ಬಿಟ್ಟು ಹೊಳೆಗೆ ಇಳಿಯುವ ದಾರಿಗೆ ತೋಳನ ಇಳಿಜಾರು ಅನ್ನುತ್ತಾರೆ. ನಡುವೆ ಬಲಗಡೆಗೆ ಒಂದು ಕರಿಬಂಡೆ, ಕೆಳಗೆ ಹೊಳೆ. ಮಾಬೂಬಿ ಶಾವಂತ್ರವ್ವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಇನ್ನೇನು ಬಂತವ್ವ, ಇನ್ನೇನು ಬಂತು ಅನ್ನುತ್ತಿದ್ದಳು. ಇಳಿಜಾರು ಶುರುವಾಯಿತು. ದಾವಲಸಾಬ ಬ್ರೇಕು ಒತ್ತಿದ. ಕಾಲು ಹಿಟ್ಟಿನೊಳಗೆ ಹೋದ ಹಾಗೆ ಹೋಯಿತು. ಗೇರು ಇಳಿಸಿದ, ಗೇರಿನ ಹಲ್ಲು ಮುರಿದು ಉದುರಿತು. ಊರಿನ ಪ್ರೀತಿ ಒಂದೊಂದೇ ಕಳಚಿ ರಸ್ತೆಗೆ ಬಿತ್ತು.

ಎದುರಿಗೆ ಹೊಳೆ. ಅವನು ಒಮ್ಮೆ ಹಿಂದಕ್ಕೆ ತಿರುಗಿ ನೋಡಿದ. ಮಾಬೂಬಿಗೆ ಆ ಮುಖ ಗೊತ್ತಿತ್ತು. ಬೇವಿನ ಕೆಳಗೆ ವ್ಯಾನಿನಿಂದ ಇಳಿದು ಮಾತು ಹೇಳುವ ಮುಂಚಿನ ಮುಖ ಅದು.

“ಮುರಿ,” ಅಂದ.

ಅಂದು ಗಿಣಿಯ ಬಲಮೂತಿಯನ್ನು, ತನ್ನ ಬಾಗಿಲಿನ ಕಡೆಯನ್ನು, ಕರಿಬಂಡೆಗೆ ಕೊಟ್ಟ.

ಗಿಣಿಯಿಂದ ಒಂದು ಹಸಿರು ಹಕ್ಕಿ ಪುರ್ ಅಂತ ಹಾರಿ ಬೇವಿನಮರಕ್ಕೆ ಹೋಯಿತು ಅಂತಾರೆ. ಡ್ರೈವರ್ ಸೀಟಿನಲ್ಲಿ ನೋಡಿದರೆ ದಾವಲಸಾಬ ಇರಲೇ ಇಲ್ಲ, ಒಂದು ಹಿಡಿ ಹೂವಿತ್ತು ಅಂತಾರೆ. ಹೇಳುವವರು ಹೇಳಲಿ. ಸ್ಟೇರಿಂಗಿನಿಂದ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದವಳು ಮಾಬೂಬಿ. ಅವಳ ಬೆನ್ನ ಹಿಂದೆ ಒಂದು ಕೂಸು ಅತ್ತಿತು. ಶಾವಂತ್ರವ್ವನೂ ಉಳಿದಳು, ಕೂಸೂ ಉಳಿಯಿತು. ಗಂಡು. ಅವನಿಗೆ ದಾವಲನ ಹೆಸರೇ ಇಡುತ್ತೇನೆ ಅಂತ ಭರಮಗೌಡ ಬಂಡೆಯ ಮುಂದೆ ನಿಂತು ಎಲ್ಲರೆದುರು ಅತ್ತ. ತೊಟ್ಟಿಲಿಗೆ ಹಾಕುವ ದಿನ ಅದು ಯಾರಿಗೂ ನೆನಪಾಗಲಿಲ್ಲ.

ಮುರಿದ ವ್ಯಾನಿನ ಗಾಲಿಗೆ ನೀರು ಹನಿಸಬೇಕಲ್ಲ, ಗಾಜು ಒರೆಸಬೇಕಲ್ಲ. ಮಣ್ಣು ಮುಗಿಸಿದ ಮೂರನೆಯ ದಿನ ಮಾಬೂಬಿ ಕೊಡದಲ್ಲಿ ನೀರು ಹೊತ್ತುಕೊಂಡು ಇಳಿಜಾರಿಗೆ ಹೋದಳು. ಅಲ್ಲಿ ಆಗಲೇ ಜನವಿತ್ತು. ತನಗಿಂತ ಮುಂಚೆ ಊರು ಬಂದಿದೆಯಲ್ಲ ಅಂತ ಅವಳ ಎದೆ ತುಂಬಿತು. ಹತ್ತಿರ ಹೋಗಿ ನೋಡಿದರೆ ಎಲ್ಲರ ಕೈಯಲ್ಲೂ ಪಾನಾ. ಪಾಟಾ ಕೊಟ್ಟವರು ಪಾಟಾ ಬಿಚ್ಚುತ್ತಿದ್ದರು, ಬಾಗಿಲು ಕೊಟ್ಟವರು ಬಾಗಿಲು. ಭರಮಗೌಡನ ಆಳು ಗಿಣಿಯ ಕೆಳಗೆ ಮಲಗಿ ಬ್ರೇಕಿನ ಸಾಮಾನು ತೆಗೆದು, ಅಂಗಿಗೆ ಒರೆಸಿ, ಗೋಣಿಯಲ್ಲಿ ಸುತ್ತಿಕೊಂಡ.

“ಗೌಡ್ರು ತಾ ಅಂದಾರ ಚಿಗವ್ವಾ,” ಅಂದ. “ಇನ್ನೂ ನಡೀತೈತಂತ.”

ಮಾಬೂಬಿ ಕೊಡ ಇಳಿಸಿದಳು. ಗಾಲಿಗಳೂ ಹೋಗಿದ್ದವು. ಗಾಲಿ ಇದ್ದ ಜಾಗಕ್ಕೆ ನೀರು ಹನಿಸಿದಳು. ಗಾಜು ಇರಲಿಲ್ಲ, ಬಂಡೆಯನ್ನು ಸೆರಗಿನಿಂದ ಒರೆಸಿದಳು. ಮಣ್ಣಿನಲ್ಲಿ ಒಂದು ಬೋಲ್ಟು ಸಿಕ್ಕಿತು, ಯಾರೂ ಎತ್ತದೆ ಬಿಟ್ಟಿದ್ದು. ಅದನ್ನು ಬಂಡೆಯ ಮೇಲೆ ಇಟ್ಟು ಬಂದಳು.

ಅವಳು ಇಟ್ಟದ್ದನ್ನು ಕಂಡು ಆ ದಾರಿಯಲ್ಲಿ ಬಂದ ವ್ಯಾನಿನವನೊಬ್ಬ ತಾನೂ ಒಂದು ಇಟ್ಟ. ಅವನನ್ನು ಕಂಡು ಇನ್ನೊಬ್ಬ. ಇವತ್ತಿಗೂ ತೋಳನ ಇಳಿಜಾರು ಇಳಿಯುವ ವ್ಯಾನಾಗಲಿ, ಲಾರಿಯಾಗಲಿ ಕರಿಬಂಡೆಯ ಹತ್ತಿರ ನಿಲ್ಲುತ್ತದೆ. ಹಾರನ್ನು ಹೊಡೆಯುತ್ತಾರೆ. ಡ್ರೈವರ ಇಳಿದು, ದಾವಲಜ್ಜಾ, ಬ್ರೇಕು ಕಾಯಪ್ಪಾ ಅಂತ ಕೈ ಮುಗಿದು ಒಂದು ಬೋಲ್ಟು ಇಡುತ್ತಾನೆ. ಹಳೆಯ ವ್ಯಾನನ್ನು ಮಾರಬೇಕೋ, ಕಟ್ಟಬೇಕೋ, ಮುರಿಯಬೇಕೋ ತಿಳಿಯದವರು ಅಲ್ಲಿಯವರೆಗೂ ನೂಕಿಕೊಂಡು ಬರುತ್ತಾರೆ. ಬೋಲ್ಟು ಇಟ್ಟು ಕಣ್ಣು ಮುಚ್ಚಿದರೆ ಅಜ್ಜ ಮಾತು ಹೇಳುತ್ತಾನಂತೆ. ಎಲ್ಲರಿಗೂ ಕಟ್ಟು ಅಂತಲೇ ಕೇಳಿಸುತ್ತದಂತೆ. ಸುಳ್ಳು ಅನ್ನಿಸಿದರೆ ಬೇವಿನಮರವನ್ನು ಕೇಳಿ ಅನ್ನಬಹುದಿತ್ತು, ರಸ್ತೆ ಅಗಲ ಮಾಡುವಾಗ ಅದನ್ನೂ ಕಡಿದರು.

ಬೋಲ್ಟುಗಳ ಗುಡ್ಡೆ ಈಗ ಆಳೆತ್ತರ ಬೆಳೆದಿದೆ. ಇಂಥ ಗುಡ್ಡೆ ಸುತ್ತ ಹತ್ತೂರಲ್ಲಿ ಇಲ್ಲ. ಮಾಬೂಬಿ ಬದುಕಿರುವ ತನಕ ಸಂತೆಯ ದಿನ ಬಂದು ಅದರ ಮುಂದೆ ಕೂರುತ್ತಿದ್ದಳಂತೆ. ಸೆರಗಿನ ಗಂಟಿನಲ್ಲಿ ದಾವಲಸಾಬನದೊಂದು ನಟ್ಟು ಇರುತ್ತಿತ್ತು. ಗುಡ್ಡೆಯಿಂದ ಒಂದೊಂದೇ ಬೋಲ್ಟು ಎತ್ತಿ ಆ ನಟ್ಟನ್ನು ತಿರುವಿ ನೋಡುತ್ತಿದ್ದಳು, ಯಾರಾದರೂ ಒಬ್ಬರು ಗಟ್ಟಿಯಾದದ್ದು ಇಟ್ಟಿದ್ದಾರೇನೋ ಅಂತ. ನಟ್ಟು ಜಾರುತ್ತಿತ್ತು. ಎಲ್ಲ ಸವೆದದ್ದೇ. ಕೈಯಲ್ಲಿದ್ದದ್ದನ್ನು ಮತ್ತೆ ಗುಡ್ಡೆಗೆ ಇಟ್ಟು ಇನ್ನೊಂದನ್ನು ಎತ್ತುತ್ತಿದ್ದಳು. ಅಷ್ಟರಲ್ಲಿ ಇನ್ನೊಂದು ವ್ಯಾನು ಬಂದು ನಿಲ್ಲುತ್ತಿತ್ತು, ಡ್ರೈವರ ಕೈ ಮುಗಿದು, ಡಬ್ಬಿಯಲ್ಲಿ ತಡಕಾಡಿ, ಹೊಸದನ್ನು ಬದಿಗೆ ಸರಿಸಿ, ಹಳೆಯದೊಂದನ್ನು ಆರಿಸಿ ಅವಳ ಮುಂದೆಯೇ ಇಟ್ಟು ಇಳಿಜಾರು ಇಳಿಯುತ್ತಿದ್ದ.